ಕೊನೆಯ ಹೊಲದ ನೀರು

ಫೆಬ್ರವರಿ ೧೦

ಬಾಲಂಗೋಚಿಗೆ,

ಅಣ್ಣನ ಆಶೀರ್ವಾದ. ಮೈಕೈ ನೆಟ್ಟಗಿದೆ, ಕಿವಿ ಮಾತ್ರ ರಾಜೀನಾಮೆ ಕೊಟ್ಟಿದೆ. ಹೋದ ವಾರ ನೀನು ಫೋನು ಮಾಡಿದಾಗ ಪಕ್ಕದ ಮನೆಯವನು ತಂದು ಕಿವಿಗೆ ಹಿಡಿದ. ಆ ಗೊರಗೊರ ಸದ್ದಿನಲ್ಲಿ ನೀನು ಬೈಯುತ್ತಿದ್ದೀಯೋ ಅಳುತ್ತಿದ್ದೀಯೋ ತಿಳಿಯಲಿಲ್ಲ. ಇನ್ನು ಮೇಲೆ ಕಾಗದವನ್ನೇ ಬರೆ. ಕಣ್ಣು ಇನ್ನೂ ನನ್ನ ಮಾತು ಕೇಳುತ್ತದೆ.

ಒಂದು ಸುದ್ದಿಯಿದೆ. ನೀರಿನ ಸಂಘದವರು ನನಗೆ ಸನ್ಮಾನ ಮಾಡುತ್ತಾರಂತೆ. ನಾನು ಸೈನ್ಯದಿಂದ ಬಂದು ತೂಬಿನ ಬಳಿ ಕೂತು ಅರ್ಧ ಶತಮಾನ ದಾಟಿತಂತೆ. ನನ್ನ ಹೆಸರು ಕೆತ್ತಿಸಿದ ಕಲ್ಲೊಂದನ್ನು ಏಪ್ರಿಲ್ ಕೊನೆಗೆ ಅಲ್ಲಿ ನಿಲ್ಲಿಸುತ್ತಾರಂತೆ. ಬದುಕಿರುವವನಿಗೆ ಕಲ್ಲು ಯಾಕೆ ಎಂದೆ. ಸಂಘದ ಕಾರ್ಯದರ್ಶಿ, ಅದೇ ನಮ್ಮ ಅಂಗಡಿಯವನು, ಏನೋ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿವುಡನಿಗೆ ಅದೇ ಸುಲಭ.

ನನ್ನ ಬೆಳಗಿನ ಕೆಲಸದಲ್ಲಿ ಬದಲಾವಣೆಯಿಲ್ಲ. ಪ್ರಾರ್ಥನಾ ಮಂದಿರದ ಕಸ ಗುಡಿಸಿ ತೂಬಿಗೆ ಹೋಗುತ್ತೇನೆ. ಅಮ್ಮ ಕಲಿಸಿದ ಪ್ರಾರ್ಥನೆಯನ್ನು ಒಂದು ಸಲ ಪೂರ್ತಿ ಹೇಳುವ ತನಕ ಕಾಲುವೆಯ ನೀರು ಮೊದಲನೆಯ ಹೊಲಕ್ಕೆ. ಮುಗಿದ ಕೂಡಲೇ ಸೀಟಿ. ಅವರು ತಮ್ಮ ಹೊಲದ ಮಡೆ ಮುಚ್ಚುತ್ತಾರೆ, ಅವರ ಕೆಳಗಿನವರು ತೆರೆಯುತ್ತಾರೆ. ಮತ್ತೆ ಪ್ರಾರ್ಥನೆ, ಮತ್ತೆ ಸೀಟಿ. ಮಧ್ಯಾಹ್ನ ಅಣೆಕಟ್ಟಿನವರು ಮೇಲಿನ ಬಾಗಿಲು ಹಾಕುವ ಹೊತ್ತಿಗೆ ಕೊನೆಯ ಹೊಲವೂ ನೆನೆದಿರುತ್ತದೆ. ಯಾರ ಗಡಿಯಾರದ ಹಂಗೂ ಬೇಡ.

ಕೊನೆಯ ಹೊಲದವಳದ್ದೊಂದೇ ನನಗೆ ಬೇಜಾರು. ಗಂಡ ತೀರಿಕೊಂಡ ಮೇಲೆ ಅವಳ ಬೇಸಾಯ ಹಳ್ಳ ಹಿಡಿದಿದೆ. ಮೊನ್ನೆ ಸಂತೆಗೆ ಅವಳು ತಂದ ಈರುಳ್ಳಿ ನೋಡಿದೆ, ಗೋಲಿಯಷ್ಟಿದ್ದವು. "ಮೈಗಳ್ಳತನ ಬಿಡಮ್ಮ, ಸ್ವಲ್ಪ ಬೇಗ ಏಳು" ಎಂದು ಎಲ್ಲರ ಎದುರಿಗೇ ಹೇಳಿದೆ. ತಲೆ ತಗ್ಗಿಸಿ ನಿಂತಳು. ಗಟ್ಟಿ ಹುಡುಗಿ, ತಿದ್ದಿಕೊಳ್ಳುತ್ತಾಳೆ.

ಸನ್ಮಾನಕ್ಕೆ ನೀನು ಬರಬೇಕು. ಮೊಣಕಾಲಿನ ನೆಪ ಹೇಳಬೇಡ. ನನಗೂ ಎರಡು ಮೊಣಕಾಲಿವೆ.

ನಿನ್ನ ಅಣ್ಣ


ಫೆಬ್ರವರಿ ೨೧

ಅಣ್ಣನಿಗೆ,

ನಿನ್ನ ಕಾಗದ ಬಂತು. ಹೊಲಿಗೆ ಯಂತ್ರದ ಪಕ್ಕದಲ್ಲಿಟ್ಟುಕೊಂಡು ಮೂರು ದಿನ ಓದಿದೆ. ಗಿರಾಕಿಯೊಬ್ಬಳು, "ಏನಜ್ಜಿ, ಪ್ರೇಮಪತ್ರವಾ?" ಅಂದಳು. "ಹೂಂ ಕಣೇ, ನನ್ನ ಕಿವಿ ಹಿಂಡಿದ ಮೊದಲನೇ ಗಂಡಸು ಬರೆದಿದ್ದು" ಅಂದೆ.

ಫೋನಿನಲ್ಲಿ ಬೈಯುತ್ತಲೇ ಇದ್ದೆ. ಒಳ್ಳೆಯದಾಯಿತು, ನಿನಗೆ ಕೇಳಿಸದಿದ್ದುದು.

ಕಲ್ಲಿನ ಸುದ್ದಿ ಓದಿ ಹೆಮ್ಮೆಯಾಯಿತು. ನಗುವೂ ಬಂತು. ನೀನು ಸೈನ್ಯಕ್ಕೆ ಹೊರಟ ದಿನದ ನೆನಪಿದೆಯೇ? ಅಪ್ಪನ ದೊಡ್ಡ ಬೂಟಿನೊಳಗೆ ಬಟ್ಟೆ ತುರುಕಿಕೊಂಡು, ಬಾತುಕೋಳಿಯ ಹಾಗೆ ಬಸ್ಸಿನತ್ತ ನಡೆದೆ. ಅಮ್ಮ ಅಳಬೇಕೆಂದು ನಿಂತವಳು ನಿನ್ನ ನಡಿಗೆ ನೋಡಿ ನಕ್ಕುಬಿಟ್ಟಳು. ಬಸ್ಸು ಮರೆಯಾದ ಮೇಲೆ ಅತ್ತಳು. ತಿರುಗಿ ಬಂದಾಗ ನೀನು ಬೇರೆಯವನಾಗಿದ್ದೆ. ಕಾಲು ಸ್ವಲ್ಪ ಎಳೆಯುತ್ತಿದ್ದೆ, ಕೊರಳಲ್ಲಿ ಸೀಟಿಯಿತ್ತು, ಮಾತು ಅರ್ಧಕ್ಕರ್ಧ ಕಡಿಮೆಯಾಗಿತ್ತು.

ಆ ವರ್ಷವೇ ಅಲ್ಲವೇ ಕಾಲುವೆಯ ಜಗಳ? ಮೇಲಿನ ಹೊಲದವರ ಗಡಿಯಾರ ಒಂದು ಹೇಳುತ್ತಿತ್ತು, ಕೆಳಗಿನವರದ್ದು ಇನ್ನೊಂದು. ಗುದ್ದಲಿ ಎತ್ತಿಕೊಂಡು ಒಬ್ಬರ ತಲೆಯನ್ನು ಇನ್ನೊಬ್ಬರು ಒಡೆಯಲು ನಿಂತಿದ್ದರು. ನೀನು ಕುಂಟುತ್ತ ಹೋಗಿ ತೂಬಿನ ಮೇಲೆ ಕೂತೆ. "ನಾನು ದೇವರ ಹೆಸರು ಹೇಳ್ತೀನಿ. ಮುಗಿಯೋ ತನಕ ನೀರು ಇವನದ್ದು. ಮುಗಿದ ಮೇಲೆ ಅವನದ್ದು. ದೇವರ ಜೊತೆ ಜಗಳ ಆಡೋನು ಯಾರಿದ್ದಾನೆ, ಮುಂದೆ ಬನ್ನಿ" ಅಂದೆ. ಒಬ್ಬನೂ ಬರಲಿಲ್ಲ. ಅವತ್ತಿನಿಂದ ನೀನು ಊರಿಗೆಲ್ಲ ಮಿಲಿಟರಿಯವನಾದೆ. ಶಾಲೆಯೂ ನಿನ್ನಿಂದ ಬಂತು, ಸೇತುವೆಯೂ ನಿನ್ನಿಂದ ಬಂತು, ನನ್ನ ಗಂಡನೂ ನಿನ್ನಿಂದಲೇ ಬಂದ. ಮೊದಲೆರಡೂ ಇನ್ನೂ ಗಟ್ಟಿಯಾಗಿವೆ.

ನನಗೆ ಹೆಚ್ಚು ನೆನಪಾಗುವುದು ಮಾತ್ರ ಅದಕ್ಕೂ ಹಿಂದಿನದು. ಬೇಸಿಗೆಯಲ್ಲಿ ಮೊದಲ ನೀರು ಬಿಟ್ಟಾಗ ನಾವಿಬ್ಬರೂ ಒಣ ಕಾಲುವೆಯೊಳಗೆ ನೀರಿನ ಮುಂದೆ ಮುಂದೆ ಓಡುತ್ತಿದ್ದೆವಲ್ಲ, ತೂಬಿನಿಂದ ಕೊನೆಯ ಹೊಲದ ತನಕ. ಕಸಕಡ್ಡಿ, ಒಣ ಎಲೆ, ನೊರೆ ಎಲ್ಲವನ್ನೂ ತಳ್ಳಿಕೊಂಡು ನೀರು ಹಿಂದೆ ಬರುತ್ತಿತ್ತು. ನಿನ್ನ ಅಂಗಿಯ ಚುಂಗು ಹಿಡಿದು ಓಡಿಯೇ ನನಗೆ ಬಾಲಂಗೋಚಿ ಎಂಬ ಹೆಸರು ಬಂತು. ಹಿಮ್ಮಡಿಗೆ ತಣ್ಣಗೆ ನೀರು ತಾಗಿದರೆ ಸೋತ ಹಾಗೆ. ಈಗಲೂ ಬಚ್ಚಲಲ್ಲಿ ಕಾಲಿಗೆ ತಣ್ಣೀರು ಬಿದ್ದರೆ ಸೋತೆ ಅನಿಸುತ್ತದೆ.

ಬರಲು ನೋಡುತ್ತೇನೆ. ಮೊಣಕಾಲನ್ನು ಕೇಳಿ ತಿಳಿಸುತ್ತೇನೆ.

ನಿನ್ನ ಬಾಲಂಗೋಚಿ


ಮಾರ್ಚ್ ೩

ಹೊಲಿಗೆ ಅಜ್ಜಿಗೆ ನಮಸ್ಕಾರ.

ನಾನು ಕೊನೆಯ ಹೊಲದವಳು. ನನ್ನ ಮದುವೆಯ ಬಟ್ಟೆ ನೀವೇ ಹೊಲಿದಿದ್ದಿರಿ. ತೋಳು ಬಿಗಿಯಾಯಿತು ಎಂದಾಗ, "ನೀನು ಊಟ ಕಡಿಮೆ ಮಾಡು, ನಾನು ದಾರ ಬಿಚ್ಚಲ್ಲ" ಅಂತ ಹೇಳಿ, ರಾತ್ರಿಯೇ ಬಿಚ್ಚಿ ಹೊಲಿದುಕೊಟ್ಟಿದ್ದಿರಿ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಅಜ್ಜಿ, ನನ್ನ ಹೊಲಕ್ಕೆ ನೀರು ಬರುತ್ತಿಲ್ಲ. ಹೋದ ವರ್ಷ ಅರ್ಧ ಬರುತ್ತಿತ್ತು. ಈ ವರ್ಷ ಕಾಲುವೆ ಒದ್ದೆಯಾಗುವುದರೊಳಗೆ ಅಣೆಕಟ್ಟಿನವರು ಬಾಗಿಲು ಹಾಕುತ್ತಾರೆ. ನೀರು ಯಾರೂ ಕದಿಯುತ್ತಿಲ್ಲ. ಮಿಲಿಟರಿ ಅಜ್ಜನ ಪ್ರಾರ್ಥನೆ ಉದ್ದವಾಗಿದೆ. ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದೆ. ಕಣ್ಣು ಮುಚ್ಚಿ ಕೂತರೆ ತುಟಿ ಆಡುತ್ತಲೇ ಇರುತ್ತದೆ, ಸೀಟಿ ಬರುವುದಿಲ್ಲ. ಅವರಿಗೆ ಅದು ತಿಳಿದಿಲ್ಲ. ಮೊಣಕಾಲು ನೋವು ಶುರುವಾದ ಮೇಲೆ ನನ್ನ ಹೊಲದ ಕಡೆ ಅವರು ಬಂದೂ ಇಲ್ಲ.

ಊರಿಗೆಲ್ಲ ಗೊತ್ತು, ಹೇಳುವವರಿಲ್ಲ. ಯಾವ ಬಾಯಲ್ಲಿ ಹೇಳುವುದು? ನನ್ನ ಗಂಡ ಹೋದಾಗ ಭಾವಂದಿರು ಹೊಲ ಕಿತ್ತುಕೊಳ್ಳಲು ಬಂದರು. ಅಜ್ಜ ಹಳೆಯ ಸೈನ್ಯದ ಕೋಟು ಹಾಕಿಕೊಂಡು ನನ್ನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. ಅವರೆಲ್ಲ ಬಂದ ದಾರಿಯಲ್ಲೇ ಹೋದರು. ಅಂಥವರಿಗೆ "ನಿಮ್ಮ ಪ್ರಾರ್ಥನೆ ಜಾಸ್ತಿಯಾಯಿತು" ಎನ್ನಲೇ?

ಅಂಗಡಿಯವರು ಒಂದು ಉಪಾಯ ಹೇಳಿದರು. ಅಂಥದ್ದೇ ಇನ್ನೊಂದು ಸೀಟಿ ತಂದಿದ್ದಾರೆ. "ಅಜ್ಜನಿಗೆ ಕಿವಿ ಕೇಳಲ್ಲ, ಕಣ್ಣು ಮುಚ್ಚಿರ್ತಾರೆ. ಹೊತ್ತು ನೋಡ್ಕೊಂಡು ಹಿಂದೆ ನಿಂತು ನಾವೇ ಊದೋಣ. ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು" ಅಂದರು. ಎಲ್ಲರಿಗೂ ಸರಿ ಅನಿಸಿತು. ನಾನೇ ಬೇಡ ಎಂದೆ. ಕಿವಿ ಕೇಳದವರ ಬೆನ್ನ ಹಿಂದೆ ನಿಂತು ಸೀಟಿ ಊದಿ ನೀರು ತಂದರೆ ಆ ನೀರಿನಲ್ಲಿ ಬೆಳೆದದ್ದು ನನಗೆ ದಕ್ಕುವುದಿಲ್ಲ.

ಈಗ ಹಾಕಿರುವ ಈರುಳ್ಳಿಗೆ ಏಪ್ರಿಲ್ ಒಳಗೆ ನೀರು ಸಿಗದಿದ್ದರೆ ಹೊಲ ಗುತ್ತಿಗೆಗೆ ಕೊಟ್ಟು ತವರಿಗೆ ಹೋಗುವುದೇ. ಸನ್ಮಾನ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಾರೆ ಎಲ್ಲರೂ. ಗಿಡಕ್ಕೆ ಸನ್ಮಾನ ಗೊತ್ತಾಗುತ್ತದೆಯೇ ಅಜ್ಜಿ?

ಅವರಿಗೆ ನೋವಾಗದ ಹಾಗೆ ಹೇಳಲು ಬರುವುದು ನಿಮಗೊಬ್ಬರಿಗೇ.

ಇಂತಿ, ಕೊನೆಯ ಹೊಲದವಳು


ಮಾರ್ಚ್ ೧೧

ಅಣ್ಣನಿಗೆ,

ಇಲ್ಲಿ ಬಿಸಿಲು ಜೋರಾಗಿದೆ. ಮಗಳ ಮನೆಯ ಮಹಡಿ ಒಲೆಯ ಹಾಗೆ ಕಾಯುತ್ತದೆ. ಒಲೆ ಎಂದಾಗ ಅಮ್ಮನ ನೆನಪಾಯಿತು.

ಅಮ್ಮ ನಮಗೆ ಪ್ರಾರ್ಥನೆ ಕಲಿಸಿದ್ದು ಅಡುಗೆಮನೆಯಲ್ಲಿ. ಕಿವಿಯಿರುವ ಹಿತ್ತಾಳೆ ಪಾತ್ರೆಯಲ್ಲಿ ಒಂದು ಲೋಟ ನೀರಿಟ್ಟು ಒಲೆ ಉರಿಸಿ, ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿ ಶುರು ಮಾಡುತ್ತಿದ್ದಳು. ಕೊನೆಯ ಸಾಲು, "ಎಲ್ಲರಿಗೂ ನೆಮ್ಮದಿ ಕೊಡು," ಬರುವಾಗ ನೀರು ಕುದಿಯಬೇಕು. ಮೊದಲೇ ಮುಗಿಸಿದರೆ, "ದೇವರಿಗೆ ಬಸ್ಸು ತಪ್ಪಲ್ಲ, ನಿಧಾನವಾಗಿ ಹೇಳ್ರೋ" ಎನ್ನುತ್ತಿದ್ದಳು. ಕುದಿದ ಮೇಲೂ ಎಳೆದರೆ, "ಸಾಕು ಮಾಡ್ರೋ, ದೇವರಿಗೂ ಬೇರೆ ಕೆಲಸ ಇರುತ್ತೆ" ಎನ್ನುತ್ತಿದ್ದಳು.

ಮೊನ್ನೆ ನಾನು ಹಾಗೇ ಮಾಡಿ ನೋಡಿದೆ. ಮಗಳ ಒಲೆ ಬೇರೆ, ಪಾತ್ರೆ ಬೇರೆ. ಆದರೂ ಕೊನೆಯ ಸಾಲಿಗೆ ನೀರು ಗುಳುಗುಳು ಎಂದಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ.

ಆ ಹಿತ್ತಾಳೆ ಪಾತ್ರೆ ನಿನ್ನ ಹತ್ತಿರವೇ ಇದೆ. ಹೆಂಗಸರ ಕೆಲಸ ಅನ್ನಬೇಡ, ಒಂದು ದಿನ ನೀನೂ ನೀರಿಟ್ಟು ಹೇಳಿ ನೋಡು. ತೂಬಿನ ಬಳಿ ಹೇಳುವ ಹಾಗೆಯೇ ಪೂರ್ತಿಯಾಗಿ, ಕಣ್ಣು ಮುಚ್ಚಿ. ಏನಾಯಿತೆಂದು ಬರೆ. ನನಗಾಗಿ ಮಾಡು.

ಬಾಲಂಗೋಚಿ


ಮಾರ್ಚ್ ೧೮

ತಂಗಿಗೆ,

ಪಾತ್ರೆ ಸುಟ್ಟುಹೋಯಿತು. ಕಣ್ಣು ಬಿಟ್ಟಾಗ ಅಡುಗೆಮನೆ ತುಂಬ ಹೊಗೆ. ಒಂದು ತೊಟ್ಟು ನೀರಿರಲಿಲ್ಲ, ತಳ ಕಪ್ಪಾಗಿತ್ತು.

ಒಲೆಯ ಉರಿ ಜಾಸ್ತಿಯಾಯಿತೆಂದುಕೊಂಡೆ. ಮಾರನೆಯ ದಿನ ಪಾತ್ರೆ ಉಜ್ಜಿ, ಉರಿ ಸಣ್ಣಗೆ ಮಾಡಿ ಮತ್ತೆ ಕೂತೆ. ಹಾಗೇ ಆಯಿತು.

ನನಗೆ ಕಿವಿ ಕೇಳಿಸುವುದಿಲ್ಲ, ಬುದ್ಧಿ ಕೆಟ್ಟಿಲ್ಲ. ನೀನು ಹುಟ್ಟಿದಾಗಿನಿಂದ ನಿನ್ನನ್ನು ನೋಡಿದ್ದೇನೆ. ಸುಮ್ಮನೆ ಅಮ್ಮನ ಪಾತ್ರೆಯ ಸುದ್ದಿ ಎತ್ತುವವಳಲ್ಲ ನೀನು. ಯಾರು ಬರೆದರು ನಿನಗೆ? ಏನೆಂದು ಬರೆದರು? ನನ್ನ ಮುಖ ನೋಡಿ ಹೇಳಲಾಗದವರು ನಿನ್ನ ಹೊಲಿಗೆ ಯಂತ್ರದ ಮುಂದೆ ಹೇಳಿಕೊಂಡರೇ?

ಬಳಸು ಮಾತು ಬೇಡ. ನೇರವಾಗಿ ಬರೆ, ಇಲ್ಲವಾದರೆ ಬರೆಯಲೇ ಬೇಡ.

ಅಣ್ಣ


ಮಾರ್ಚ್ ೨೫

ಅಣ್ಣನಿಗೆ,

ನೇರವಾಗಿ ಬರೆಯುತ್ತೇನೆ. ನಿನ್ನ ಪ್ರಾರ್ಥನೆ ಉದ್ದವಾಗಿದೆ. ಮೇಲಿನ ಹೊಲಗಳು ಕುಡಿದು ಕುಡಿದು ಕೆಸರಾಗಿವೆ. ಕೊನೆಯ ಹೊಲಕ್ಕೆ ನೀರು ಮುಟ್ಟುತ್ತಿಲ್ಲ. ಅವಳು ಮೈಗಳ್ಳಿಯಲ್ಲ, ಅಣ್ಣ. ನೀನು ಸಂತೆಯಲ್ಲಿ ಎಲ್ಲರ ಎದುರಿಗೆ ಬೈದಾಗ ತಲೆ ತಗ್ಗಿಸಿದ್ದು ತಪ್ಪು ಮಾಡಿದ್ದಕ್ಕಲ್ಲ, ನಿನ್ನ ತಪ್ಪನ್ನು ಎಲ್ಲರ ಎದುರಿಗೆ ಹೇಳಲು ಮನಸ್ಸು ಬಾರದೆ.

ನಿನ್ನ ಬೆನ್ನ ಹಿಂದೆ ಬೇರೆ ಸೀಟಿ ಊದೋಣ ಎಂದವರೂ ಇದ್ದರು. ಬೇಡವೆಂದವಳು ಅವಳೊಬ್ಬಳೇ. ಏಪ್ರಿಲ್ ಒಳಗೆ ನೀರು ಸಿಗದಿದ್ದರೆ ಹೊಲ ಬಿಟ್ಟು ಹೋಗುತ್ತಾಳೆ.

ಊರು ಸುಮ್ಮನಿದ್ದದ್ದು ಪ್ರೀತಿಯಿಂದಲೇ. ಆದರೆ ಮೇಲಿನ ಹೊಲದವರಿಗೆ ಪ್ರೀತಿಯ ಜೊತೆಗೆ ನೀರೂ ಸಿಗುತ್ತಿತ್ತು, ಅದನ್ನೂ ಮರೆಯಬೇಡ.

ಒಂದೇ ಒಂದು ಮಾತು ಕೇಳುತ್ತೇನೆ. ಅಮ್ಮನ ಪ್ರಾರ್ಥನೆ ನನಗೂ ಬಾಯಿಪಾಠ. ಅದು ಪಾತ್ರೆ ಸುಡುವಷ್ಟು ಉದ್ದವಿಲ್ಲ. "ಎಲ್ಲರಿಗೂ ನೆಮ್ಮದಿ ಕೊಡು" ಆದ ಮೇಲೆ ನೀನು ಏನು ಹೇಳುತ್ತೀಯ?

ಎರಡು ಸಲ ಬರೆದು ಹರಿದು ಹಾಕಿದೆ. ಇದನ್ನು ಮಾತ್ರ ಅಂಚೆಗೆ ಹಾಕುತ್ತೇನೆ.

ತಂಗಿ


ಏಪ್ರಿಲ್ ೧೪

ಅಣ್ಣಾ,

ಕೋಪವಿದ್ದರೆ ಕೋಪವೆಂದಾದರೂ ಬರೆ. ಅಂಚೆಯವನು ದಿನಾ ನಮ್ಮ ಬಾಗಿಲ ಮುಂದೆ ಸೈಕಲ್ ನಿಧಾನ ಮಾಡಿ, ನನ್ನ ಮುಖ ನೋಡಿ, ತಲೆ ಅಲ್ಲಾಡಿಸಿ ಹೋಗುತ್ತಾನೆ. ಪಾಪ, ಅವನಿಗೂ ನೋಡಿ ಸಾಕಾಗಿದೆ. ಇಡೀ ದಿನ ಹೊಲಿದದ್ದನ್ನು ಸಂಜೆ ಬಿಚ್ಚುತ್ತಿದ್ದೇನೆ.

ಒಂದು ಸಾಲು ಸಾಕು.

ಬಾಲಂಗೋಚಿ


ಏಪ್ರಿಲ್ ೨೬

ಬಾಲಂಗೋಚಿಗೆ,

ಕೋಪವಿತ್ತು. ಮೊದಲು ನಿನ್ನ ಮೇಲೆ, ಆಮೇಲೆ ಊರಿನ ಮೇಲೆ, ಆಮೇಲೆ ನನ್ನ ಮೇಲೆ. ಮೂರೂ ಮುಗಿಯಲು ಇಷ್ಟು ದಿನ ಹಿಡಿಯಿತು. ಈಗ ನಿನ್ನ ಪ್ರಶ್ನೆಗೆ ಉತ್ತರ.

ಸೈನ್ಯದಲ್ಲಿ ಬೆಟ್ಟದ ಮೇಲೆ ನನಗೂ ನನ್ನ ಜೊತೆಗಾರನಿಗೂ ಪಹರೆ. ಅವನನ್ನು ಎಲ್ಲರೂ ಉದ್ದಕಾಲ ಎನ್ನುತ್ತಿದ್ದೆವು. ಮೂಗಿನ ಮುಂದಿನ ಕೈ ಕಾಣದಷ್ಟು ಮಂಜು, ಬೆಳಕು ಮಾಡುವ ಹಾಗಿಲ್ಲ, ಚಳಿಗೆ ಗಡಿಯಾರ ನಿಂತುಹೋಗಿತ್ತು. ಅಮ್ಮನ ಪ್ರಾರ್ಥನೆಯನ್ನು ಇಷ್ಟು ಸಲ ಎಂದು ಹೇಳಿ ಪಾಳಿ ಬದಲಿಸಿಕೊಳ್ಳುತ್ತಿದ್ದೆವು. ಅವನು ಮಲಗಿದ್ದಾಗ ನಾನು ನಿಧಾನ ಹೇಳುತ್ತಿದ್ದೆ, ಇನ್ನೊಂದು ಚೂರು ನಿದ್ದೆ ಮಾಡಲಿ ಎಂದು. "ನೀನು ದೇವರ ಹೆಸರಲ್ಲಿ ಮೋಸ ಮಾಡ್ತೀಯ ಕಣೋ" ಎಂದು ಬೈಯುತ್ತಿದ್ದ. ನಾನು ಬಂದೆ, ಅವನು ಬರಲಿಲ್ಲ. ತೂಬಿನ ಮೇಲೆ ಕೂತ ಮೊದಲ ದಿನವೇ ಪ್ರಾರ್ಥನೆಯ ಕೊನೆಗೆ ಅವನ ಹೆಸರು ಸೇರಿಸಿದೆ. ಒಂದು ಹೆಸರಿಗೆ ಎಷ್ಟು ಹೊತ್ತು ಬೇಕು?

ಆಮೇಲೆ ಅಪ್ಪ ಹೋದ. ಅಮ್ಮ ಹೋದಳು. ನಿನ್ನ ಅತ್ತಿಗೆ ಹೋದಳು. ಕಾಲುವೆಯ ಮೇಲೆ ಗುದ್ದಲಿ ಹಿಡಿದು ಜಗಳಕ್ಕೆ ನಿಂತಿದ್ದವರೆಲ್ಲ ಒಬ್ಬೊಬ್ಬರಾಗಿ ಹೋದರು, ನನ್ನನ್ನು ಬಾಯಿಗೆ ಬಂದಂತೆ ಬೈದವರೂ ಸೇರಿ. ಒಬ್ಬೊಬ್ಬರ ಹೆಸರನ್ನೂ ಸೇರಿಸುತ್ತ ಬಂದೆ. ಹೆಸರು ಹೇಳಿದಾಗ ಮುಖ ಬರುತ್ತದೆ. ಮುಖ ಬಂದ ಮೇಲೆ ಕೂಡಲೇ ಎದ್ದು ಹೋಗು ಎನ್ನಲಾಗುವುದಿಲ್ಲ. ಯಾರನ್ನು ಬಿಡಲಿ ಹೇಳು? ಒಬ್ಬನನ್ನು ಬಿಟ್ಟರೂ ಆ ಮಂಜಿನಲ್ಲಿ ಬಿಟ್ಟು ಬಂದ ಹಾಗೆ ಅನಿಸುತ್ತಿತ್ತು.

ನಿನ್ನ ಕಾಗದ ಬಂದ ಮೇಲೆ ಒಂದು ಬೆಳಿಗ್ಗೆ ಅಂಗಡಿಯವನನ್ನು ತೂಬಿನಲ್ಲಿ ಕೂರಿಸಿ, ನನ್ನಷ್ಟೇ ಹೊತ್ತು ತೆಗೆದುಕೊಂಡು ನೀವು ತಂದಿಟ್ಟ ಆ ಇನ್ನೊಂದು ಸೀಟಿ ಊದು ಎಂದು ಹೇಳಿ, ಕೋಲು ಹಿಡಿದು ಕಾಲುವೆಯ ಗುಂಟ ಕೊನೆಯ ಹೊಲಕ್ಕೆ ನಡೆದೆ. ಅವಳು ಗುದ್ದಲಿ ಹಿಡಿದು ಮಡೆಯ ಬಾಯಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ ಸೆರಗಿನಿಂದ ಬದುವಿನ ಮಣ್ಣು ಒರೆಸಿ ಕೂರಿಸಿದಳು. ಇಬ್ಬರೂ ಕಾದೆವು. ನೀರು ಬಂತು, ಹಾವಿನ ಹಾಗೆ ತೆಳ್ಳಗೆ. ಬದುವಿನ ಹತ್ತಿರ ಬಂದು ನಿಂತುಬಿಟ್ಟಿತು. ನೋಡುನೋಡುತ್ತ ಮಣ್ಣು ಅದನ್ನು ಕುಡಿಯಿತು. ಅಣೆಕಟ್ಟಿನವರು ಬಾಗಿಲು ಹಾಕಿದ್ದರು.

ಅವಳ ಗಂಡನ ಹೆಸರೂ ಆ ಪ್ರಾರ್ಥನೆಯಲ್ಲಿದೆ, ಬಾಲಂಗೋಚಿ. ಎಲ್ಲರಿಗಿಂತ ಕೊನೆಗೆ ಸೇರಿದ್ದು ಅವನೇ. ಅವನಿಗೆ ನೆಮ್ಮದಿ ಕೊಡು ಎಂದು ಪ್ರತಿ ಹೊಲಕ್ಕೂ ಒಂದೊಂದು ಸಲ ಬೇಡುತ್ತ, ಅವನ ಹೊಲದ ನೀರನ್ನು ನಾನೇ ತಡೆಯುತ್ತಿದ್ದೆ.

ಅದನ್ನು ಅವಳಿಗೆ ಹೇಳಿದೆ. ಅವಳು ಗುದ್ದಲಿ ಕೆಳಗಿಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಅಜ್ಜ, ಅವರ ಹೆಸರು ಹೇಳೋದು ನೀವೊಬ್ಬರೇ. ಅದನ್ನ ನಿಲ್ಲಿಸಬೇಡಿ. ಆದ್ರೆ ಇಲ್ಲಿ ಕೂತು ಹೇಳಿ." ಅದಷ್ಟೂ ನನಗೆ ಚೆನ್ನಾಗಿ ಕೇಳಿಸಿತು.

ನನ್ನ ಕೊರಳ ಸೀಟಿ ಬಿಚ್ಚಿ ಅವಳ ಕೊರಳಿಗೆ ಹಾಕಿದೆ. ಸಂಜೆಯೇ ಸಭೆ ಕರೆದು ಹೇಳಿದೆ. ಸಂತೆಯಲ್ಲಿ ನಾನು ಆಡಿದ ಮಾತನ್ನು ಅದೇ ಜನರ ಎದುರಿಗೆ ವಾಪಸು ತೆಗೆದುಕೊಂಡೆ. ಅಂಗಡಿಯವನ ಕಣ್ಣು ಒದ್ದೆಯಾಗಿತ್ತು. ಅವನ ಹೊಲ ಮೊದಲನೆಯದು. ಒದ್ದೆಯಾಗಿರುವುದು ಅವನಿಗೆ ಅಭ್ಯಾಸ.

ಈಗ ತೂಬಿನ ಮೇಲೆ ಕೂರುವವಳು ಅವಳು. ಅಮ್ಮನ ಪ್ರಾರ್ಥನೆಯನ್ನು ನಾನೇ ಕಲಿಸಿದೆ, ನಮ್ಮ ಅಡುಗೆಮನೆಯಲ್ಲಿ, ಅದೇ ತಳ ಸುಟ್ಟ ಪಾತ್ರೆ ಇಟ್ಟು. "ಎಲ್ಲರಿಗೂ ನೆಮ್ಮದಿ ಕೊಡು" ಎಂದ ಕೂಡಲೇ ಸೀಟಿ. ಅವಳ ಸರದಿ ಬಂದಾಗ ಕೆಳಗೆ ಮಡೆ ತೆರೆಯುವವನು ನಾನು. ಈರುಳ್ಳಿ ಚೇತರಿಸಿಕೊಂಡಿದೆ, ಎಲೆ ನೆಟ್ಟಗೆ ನಿಂತಿದೆ. ಹೊಲ ಬಿಟ್ಟು ಹೋಗುವ ಮಾತು ನಿಂತಿದೆ.

ಸನ್ಮಾನ ಬೇಡವೆಂದೆ. ಆದರೆ ಕಲ್ಲು ಆಗಲೇ ಕೆತ್ತಿ ತಂದಿದ್ದರು. ಕೊನೆಯ ಹೊಲದ ಬದುವಿನ ಮೇಲೆ ಹಾಕಿಸಿದ್ದೇನೆ, ಕೆತ್ತಿದ ಮುಖ ಕೆಳಗೆ ಮಾಡಿ. ದಿನಾ ನನ್ನ ಹೆಸರಿನ ಮೇಲೆ ನಾನೇ ಕೂತು ಉಳಿದವರ ಹೆಸರು ಹೇಳುತ್ತೇನೆ, ಮನಸ್ಸು ತುಂಬುವಷ್ಟು ನಿಧಾನವಾಗಿ. ನೀರು ಬಂದು ಪಾದಕ್ಕೆ ತಾಗುತ್ತದೆ. ನನಗೂ ಸೋತೆ ಎಂದೇ ಅನಿಸುತ್ತದೆ. ಆದರೆ ಬೇಜಾರಾಗುವುದಿಲ್ಲ.

ಇನ್ನೊಂದು ಮಾತು. ಆ ಹೆಸರುಗಳಲ್ಲಿ ಬದುಕಿರುವವರದ್ದು ಒಂದೇ ಒಂದಿದೆ, ನಿನ್ನದು. ಗಂಡ ಹೋಗಿ ನೀನು ಪಟ್ಟಣ ಸೇರಿದ ದಿನ ಸೇರಿಸಿದ್ದು. ಅಲ್ಲಿಯ ರಸ್ತೆಗಳನ್ನು ನಾನು ನೋಡಿದ್ದೇನೆ.

ನೀನು ಬಂದು ಪಕ್ಕದಲ್ಲಿ ಕೂತರೆ ಆ ಒಂದು ಹೆಸರು ಹೇಳುವುದು ತಪ್ಪುತ್ತದೆ. ಕಲ್ಲು ಇಬ್ಬರು ಕೂರುವಷ್ಟು ಅಗಲವಿದೆ.

ನಿನ್ನ ಅಣ್ಣ


ಮೇ ೨

ಅಣ್ಣನಿಗೆ,

ಮೊಣಕಾಲು ಒಪ್ಪಿದೆ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ತೂಬಿನ ಬಳಿಯೇ ಇಳಿದು, ಅವಳು ಕೊನೆಯ ಸೀಟಿ ಊದುವ ಮೊದಲೇ ನಡೆಯಲು ಶುರು ಮಾಡುತ್ತೇನೆ. ನೀನು ಕಲ್ಲಿನ ಮೇಲೆ ಕೂತು ನೋಡುತ್ತಿರು, ನಾನು ಮೊದಲು ಬರುತ್ತೇನೋ ನೀರು ಮೊದಲು ಬರುತ್ತದೋ.

ಬಾಲಂಗೋಚಿ